ಊಸರವಳ್ಳಿಯ ಬಾಯಿಂದ ಎಳೆ ತೆಗೆದ ಪುಟ್ಟಮಾದಮ್ಮ

ರೇಷ್ಮೆಹುಳು ಊಸರವಳ್ಳಿಯ ಗಂಟಲಲ್ಲಿ ಅಡ್ಡ ನಿಲ್ಲಬಹುದು. ನುಂಗಿದ ಮೇಲೂ ಸಾಯದೆ ಹೊಟ್ಟೆಯೊಳಗೆ ಓಡಾಡಬಹುದು. ಊಸರವಳ್ಳಿ ತಿನ್ನದೆ ಮಲಗಿಬಿಟ್ಟರೆ ಹಸಿದ ಹುಳುವೇ ಅದರ ಬಾಲ ಕಡಿಯಬಹುದು. ಹುಳುವಿಗೆ ರೋಗವಿದ್ದರೆ ಅದು ಊಸರವಳ್ಳಿಗೆ ಬರಬಹುದು, ಊಸರವಳ್ಳಿಯಿಂದ ನನಗೆ ಬರಬಹುದು, ನನ್ನಿಂದ ಎಂಟನೇ ತರಗತಿಯ ಬಿ ವಿಭಾಗಕ್ಕೆ ಹರಡಬಹುದು. ಹಿಪ್ಪುನೇರಳೆ ತೋಟದ ಪಕ್ಕದ ಹೊಲದಲ್ಲಿ ಹೊಗೆಸೊಪ್ಪು ಹಾಕಿದ್ದರೆ ಅದರ ನಂಜು ಎಲೆಗೆ ತಾಕಿ, ಎಲೆಯಿಂದ ಹುಳುವಿಗೆ, ಹುಳುವಿನಿಂದ ನಮ್ಮ ಪ್ರಾಣಿಗೆ. ಮಲೇರಿಯಾದವರು ಬಂದು ಗೋಡೆಗೆ ಡಿಡಿಟಿ ಹೊಡೆದು ಹೋದದ್ದು ಇನ್ನೂ ಬೆಳ್ಳಗೆ ಕಾಣುತ್ತಿತ್ತು, ಅದೊಂದು. ಹುಳುವಿನ ವಾಸನೆಗೆ ಇರುವೆ ಬರಬಹುದು, ಇರುವೆಗೆ ಹಲ್ಲಿ, ಹಲ್ಲಿಗೆ ಬೆಕ್ಕು. ಬೆಕ್ಕು ಬಂದ ಮೇಲೆ ಯೋಚಿಸಲು ಏನೂ ಉಳಿಯುವುದಿಲ್ಲ.

ಇಂಥವು ಒಟ್ಟು ಹದಿನಾಲ್ಕು. ನೋಟ್ ಪುಸ್ತಕದಲ್ಲಿ ನಂಬರು ಹಾಕಿ ಬರೆದುಕೊಂಡು ಹೋಗಿ, ಪುಟ್ಟಮಾದಮ್ಮನವರ ಹುಳುಮನೆಯ ಜಗಲಿಯ ಮೇಲೆ ಕೂತು, ಪಾಠ ಓದುವಂತೆ ಓದಿ ಹೇಳಿದೆ. ಅವರು ಕುಡುಗೋಲಿಗೆ ಸೊಪ್ಪು ಕೊಡುತ್ತಾ, ನಡುವೆ ಒಂದು ಮಾತೂ ಆಡದೆ, ಹದಿನಾಲ್ಕನ್ನೂ ಕೇಳಿದರು.

"ಮುಗೀತಾ ಮೇಷ್ಟ್ರೇ?"

"ಮುಗೀತಮ್ಮ."

"ಮದ್ವೆ ಆಗದಾ ನಿಮ್ಗೆ?"

"ಇಲ್ಲ."

"ವಸಿ ನಿಧಾನಕ್ಕೇ ಆಗಿ. ಎಣ್ಣಿನ ಅಪ್ಪ ಇಷ್ಟೊಂದ್ ಕೇಳ್ಕಂಡ್ ಕುಂತ್ಕಳಕ್ಕಿಲ್ಲ."

ಪುಟ್ಟಮಾದಮ್ಮನವರೊಂದಿಗೆ ನನ್ನ ಪರಿಚಯ ಆದದ್ದು ಹೀಗೆ. ಆಗ ನನಗೆ ಇಪ್ಪತ್ತೈದು, ಅವರಿಗೆ ಐವತ್ತು ದಾಟಿತ್ತು. ಈಗ ಅವರ ಆಗಿನ ವಯಸ್ಸು ನನಗೆ ಬಂದಿದೆ. ಚಿಂತೆ ಮಾಡುವುದರಲ್ಲಿ ಮಾತ್ರ ನಾನು ಅವತ್ತೇ ಮುದುಕನಾಗಿದ್ದೆ.

ಅವರ ಬೆರಳುಗಳ ವಿಷಯ ಹೇಳದೆ ಮುಂದೆ ಹೋಗಲಾರೆ. ಹತ್ತೂ ಬೆರಳುಗಳ ತುದಿ ಬೆಳ್ಳಗೆ, ನುಣ್ಣಗೆ, ಹೊಳೆಯ ಕಲ್ಲಿನ ಹಾಗೆ. ಕೊಳ್ಳೇಗಾಲ ಇನ್ನೂ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕಾಲದಲ್ಲಿ, ಲಂಗ ಉಡುವ ವಯಸ್ಸಿನಿಂದಲೇ, ಅವರು ನೂಲು ತೆಗೆಯುವ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಕುದಿಯುವ ನೀರಿನ ತೊಟ್ಟಿಯಲ್ಲಿ ಗೂಡುಗಳು ತೇಲುತ್ತಿರುತ್ತವೆ. ಪೊರಕೆ ಕಡ್ಡಿಯಿಂದ ಸವರಿ, ಕಣ್ಣಿಗೆ ಕಾಣದ ಎಳೆಯ ತುದಿಯನ್ನು ಬೆರಳಿನಿಂದ ಹಿಡಿದು, ರಾಟೆಗೆ ಕೊಡಬೇಕು, ನಡುವೆ ಎಳೆ ಕಡಿಯಬಾರದು. ಇಪ್ಪತ್ತು ವರ್ಷ ಅದನ್ನೇ ಮಾಡಿ ಬೆರಳಿನ ಗೆರೆಗಳೆಲ್ಲ ಅಳಿಸಿಹೋಗಿದ್ದವು. ಒಮ್ಮೆ ತಾಲ್ಲೂಕು ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತಿಸಿಕೊಂಡ ಗುಮಾಸ್ತ ಕಾಗದವನ್ನು ಬೆಳಕಿಗೆ ಹಿಡಿದು, "ಏನಮ್ಮ, ಬರೀ ಮಸಿ ಬೊಟ್ಟು ಬಿದ್ದಿದೆ, ಗೆರೆ ಎಲ್ಲಿ?" ಎಂದನಂತೆ.

"ಗೆರೆ ಕಾರ್ಕಾನೆ ತೊಟ್ಟೀಲದೆ ಸಾ. ಬೇಕಾದ್ರೆ ಓಗಿ ಸೋಸ್ಕಳಿ" ಎಂದರಂತೆ ಇವರು.

ಈ ಕಥೆಯನ್ನು ಅವರು ಸಂಕಟದಿಂದ ಹೇಳುತ್ತಿರಲಿಲ್ಲ. ಪೈಲ್ವಾನನೊಬ್ಬ ತನ್ನ ಮುರುಟಿದ ಕಿವಿಯನ್ನು ತೋರಿಸುವಂತೆ ಬೆರಳುಗಳನ್ನು ಮುಂದೆ ಚಾಚಿ ಹೇಳುತ್ತಿದ್ದರು.

ಇನ್ನು ಊಸರವಳ್ಳಿ. ನಾನು ಯಳಂದೂರಿನವನು. ಮೈಸೂರಿನಲ್ಲಿ ಓದಿ, ಕೊಳ್ಳೇಗಾಲದ ಒಂದು ಪ್ರೌಢಶಾಲೆಗೆ ವಿಜ್ಞಾನದ ಮೇಷ್ಟ್ರಾಗಿ ಬಂದಿದ್ದೆ. ಒಂದು ಭಾನುವಾರ ಹನೂರಿಗೆ ಹೋಗಿ ಬರುವಾಗ ಬಸ್ಸು ಕಾಮಗೆರೆಯ ಹತ್ತಿರ ಕೆಟ್ಟು ನಿಂತಿತು. ಬೇಲಿಯ ಮೇಲೆ ಒಂದು ಹಸಿರು ಊಸರವಳ್ಳಿ, ಎಡಗಣ್ಣಿನಿಂದ ಬಸ್ಸನ್ನೂ ಬಲಗಣ್ಣಿನಿಂದ ನನ್ನನ್ನೂ ನೋಡುತ್ತಾ ಕೂತಿತ್ತು. ಎರಡು ದಿಕ್ಕಿನ ಅಪಾಯವನ್ನು ಒಟ್ಟಿಗೆ ಗಮನಿಸಬಲ್ಲ ಪ್ರಾಣಿಯನ್ನು ಕಂಡು ನನಗೆ ಬಂಧುವನ್ನು ಕಂಡಂತಾಯಿತು. ಟವೆಲ್ಲಿನಲ್ಲಿ ಸುತ್ತಿ ತಂದೆ. ತಗಡಿನ ಮಾಡಿನ ನನ್ನ ಬಾಡಿಗೆ ಕೊಠಡಿಯಲ್ಲಿ ಜಾಲರಿಯ ಪೆಟ್ಟಿಗೆ ಮಾಡಿಸಿ, ಒಳಗೊಂದು ಸೀಬೆ ಕೊಂಬೆ ನಿಲ್ಲಿಸಿ ಸಾಕಿಕೊಂಡೆ. ವಾರಕ್ಕೊಂದು ದಿನ ತರಗತಿಗೂ ತೆಗೆದುಕೊಂಡು ಹೋಗುತ್ತಿದ್ದೆ.

ಅದು ಸತ್ತದ್ದನ್ನು ತಿನ್ನುವುದಿಲ್ಲ. ಅಲುಗಾಡುವುದು ಕಣ್ಣಿಗೆ ಬಿದ್ದರೆ ಮಾತ್ರ ನಾಲಿಗೆ ಚಿಮ್ಮುತ್ತದೆ. ಮಳೆಗಾಲದಲ್ಲಿ ಮಿಡತೆಗೆ ಬರವಿರಲಿಲ್ಲ. ಬೇಸಿಗೆ ಬಂದಂತೆ ಮಿಡತೆ ಸಿಗದಾಯಿತು. ನಾನಿದ್ದ ಬೀದಿಯಲ್ಲಿ ಮನೆಗೊಂದು ಹುಳುಮನೆ, ತಟ್ಟೆ ತಟ್ಟೆಯಲ್ಲೂ ರೇಷ್ಮೆಹುಳು. ಪಟ್ಟಿ ಬರೆದುಕೊಂಡು ಪುಟ್ಟಮಾದಮ್ಮನವರ ಜಗಲಿ ಹತ್ತಿದ್ದು ಆಗಲೇ.

ಕೇಳಬಾರದ್ದನ್ನು ಕೇಳಿದ್ದೆ ಎಂಬುದು ನನಗೆ ಗೊತ್ತಿರಲಿಲ್ಲ. ಹುಳು ಸಾಕುವವರಿಗೆ ಹಲ್ಲಿ, ಓತಿಕ್ಯಾತ, ಇರುವೆ ಇವೆಲ್ಲ ಕಳ್ಳರ ಜಾತಿ. ಗೋಸುಂಬೆಗೆ ಹಾಕಲು ಹುಳು ಕೊಡಿ ಎಂದು ಕೇಳುವುದೂ, ಕಳ್ಳನಿಗೆ ಊಟಕ್ಕೆ ಕರೆದಿದ್ದೇನೆ, ನಿಮ್ಮ ಕಣಜದ ಬೀಗದ ಕೈ ಕೊಡಿ ಎನ್ನುವುದೂ ಒಂದೇ. ಆದರೂ ಪುಟ್ಟಮಾದಮ್ಮ ಬೈಯಲಿಲ್ಲ. ಕುಡುಗೋಲು ಪಕ್ಕಕ್ಕಿಟ್ಟು, ನನ್ನ ಪಟ್ಟಿಯ ಒಂದೊಂದೇ ಅಪಾಯವನ್ನು ಬೆರಳು ಮಡಚಿ ಕಳೆಯುತ್ತಾ ಬಂದರು.

"ಕಚ್ಚಕ್ಕೆ ಇದ್ಕೆ ಅಲ್ಲೆಲ್ಲದೆ? ಉಟ್ಟಿದಾಗಿಂದ ಎಲೆ ಬುಟ್ರೆ ಬ್ಯಾರೆ ಕಂಡಿಲ್ಲ, ಬಾಲ ತಿಂದದಾ. ಒಗೆಸೊಪ್ಪು ನಮ್ ತೋಟದ ಸುತ್ತ ಯಾರೂ ಆಕಕ್ಕಿಲ್ಲ, ಆಕಿದ್ರೆ ನಿಮ್ ಗೋಸುಂಬೆಗಿಂತ ಮುಂಚೆ ನನ್ ಉಳ ಸಾಯ್ತವೆ. ಮಲೇರಿಯಾದೋರ್ನ ನಾನು ಉಳಮನೆ ಬಾಗ್ಲಿಗೂ ಬುಟ್ಟಿಲ್ಲ. ರೋಗದ್ ಮಾತೊಂದು ನ್ಯಾಯ. ಅದ್ಕೆ ನಾನೇ ಆರಿಸ್ಕೊಡ್ತೀನಿ. ದಿನಾ ಎರಡು. ಬಂದು ತಕಂಡೋಗಿ, ಓಗಿದ್ ತಕ್ಷಣ ಆಕಿ. ತಂದು ಮಡಿಕಬ್ಯಾಡಿ."

ಕೊನೆಯ ಮಾತನ್ನು ಎರಡು ಸಲ ಹೇಳಿದರು. "ಮಡಿಕಬ್ಯಾಡಿ."

ಮರುದಿನದಿಂದ ದಿನಾ ಬೆಳಿಗ್ಗೆ ಸ್ನಾನ ಮಾಡಿಕೊಂಡೇ ಅವರ ಬಾಗಿಲಿಗೆ ಹೋಗುತ್ತಿದ್ದೆ. ಮೈ ತೊಳೆಯದವರಿಗೆ ಹುಳುಮನೆಯ ಹೊಸಿಲು ಇರಲಿಲ್ಲ. ಬೀಡಿ ಸೇದಿ ಬಂದವರಿಗೆ ಜಗಲಿಯೂ ಇರಲಿಲ್ಲ. ಪುಟ್ಟಮಾದಮ್ಮ ತಟ್ಟೆಯ ಮೇಲೆ ಬಾಗಿ, ಸಾವಿರಾರು ಹುಳುಗಳ ನಡುವೆ ಕೈಯಾಡಿಸಿ, ಎರಡನ್ನು ಎತ್ತಿ ನನ್ನ ಅಂಗೈಯಲ್ಲಿ ಇಡುತ್ತಿದ್ದರು. ಆ ಬೆರಳಿಗೆ ಗೆರೆ ಇರಲಿಲ್ಲವೇ ಹೊರತು ಕಣ್ಣಿತ್ತು. "ಇದು ನಾಳಿಕ್ ಸಪ್ಪೆ ರೋಗಕ್ ಬೀಳ್ತದೆ" ಎಂದು ನನಗೆ ಎಲ್ಲದರಂತೆಯೇ ಕಂಡ ಹುಳುವೊಂದನ್ನು ಬೇರೆ ತೆಗೆದು ಮಡಕೆಗೆ ಹಾಕುವರು. ನನ್ನ ಸಮಾಧಾನಕ್ಕೆ ಮರುದಿನ ಮಡಕೆಯಲ್ಲಿ ಇಣುಕಿ ನೋಡುತ್ತಿದ್ದೆ. ಒಂದು ಸಲವೂ ಅವರ ಮಾತು ತಪ್ಪಾಗಿರಲಿಲ್ಲ. ಅದಕ್ಕೇ ಬೀದಿಯಲ್ಲಿ ಅವರ ಕೈಗುಣಕ್ಕೆ ಒಂದು ಬೆಲೆಯಿತ್ತು. ಗೂಡಿನ ಮಾರುಕಟ್ಟೆಯಲ್ಲಿ ಅವರ ರಾಶಿಯನ್ನು ಕೊಳ್ಳುವವರು ಹಿಡಿ ಎತ್ತಿ ಅಲ್ಲಾಡಿಸಿಯೂ ನೋಡುತ್ತಿರಲಿಲ್ಲ. ಪುಟ್ಟಮಾದಮ್ಮನದು ಎಂದರೆ ಆಯಿತು.

ಊಸರವಳ್ಳಿ ತುಂಬಿಕೊಂಡಿತು. ಬಾಲದ ಬುಡ ದಪ್ಪವಾಯಿತು. ನನ್ನ ಪಟ್ಟಿಯ ಹದಿನಾಲ್ಕರಲ್ಲಿ ಒಂದೂ ನಡೆಯಲಿಲ್ಲ. ಎಲ್ಲವೂ ಸರಿಯಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಹೊಸ ಚಿಂತೆಯೊಂದು ಹುಟ್ಟಿತು: ಇನ್ನೊಂದು ವಾರಕ್ಕೆ ಈ ಹುಳುಗಳೆಲ್ಲ ಗೂಡು ಕಟ್ಟಿಬಿಟ್ಟರೆ, ಮುಂದಿನ ಬೆಳೆಯ ಹುಳು ಬೆರಳುದ್ದ ಆಗುವ ತನಕ ನನ್ನ ಊಸರವಳ್ಳಿಗೆ ಏನು ಗತಿ?

ಪುಟ್ಟಮಾದಮ್ಮ ಸೊಪ್ಪಿಗೆ ಹೋಗಿದ್ದ ಒಂದು ಹೊತ್ತಿನಲ್ಲಿ ಅವರ ಸೊಸೆ ಸಾಕಮ್ಮನನ್ನು ಕೇಳಿ ಇಪ್ಪತ್ತು ಹುಳು ಇಸಿದುಕೊಂಡು ಬಂದೆ. "ಅತ್ತೆಗೆ ಏಳಿದ್ದೀರಾ ಮೇಷ್ಟ್ರೇ?" ಎಂದು ಆಕೆ ಕೇಳಿದಾಗ, "ಹೇಳ್ತೀನಿ" ಎಂದೆ. ಸುಳ್ಳಲ್ಲ. ಯಾವಾಗ ಎಂದು ಆಕೆ ಕೇಳಲಿಲ್ಲ, ಅಷ್ಟೆ.

ರೊಟ್ಟಿ ತಟ್ಟೆಯಲ್ಲಿ ಸೊಪ್ಪು ಹಾಸಿ ಹುಳುಗಳನ್ನು ಮಂಚದ ಕೆಳಗೆ ಇಟ್ಟುಕೊಂಡೆ. ಬೇಸಿಗೆ, ಮೇಲೆ ತಗಡು, ಕೊಠಡಿ ಒಲೆಯ ಹಾಗೆ ಕಾಯುತ್ತಿತ್ತು. ನಾಲ್ಕನೇ ದಿನ ನೋಡುತ್ತೇನೆ, ಒಂದು ಹುಳು ಸೊಪ್ಪು ಮುಟ್ಟದೆ ಕೂತಿದೆ. ಮೈ ಕುಗ್ಗಿ ಹಳದಿಯಾಗಿದೆ. ತಲೆ ಎತ್ತಿ ಅತ್ತಿತ್ತ ಆಡಿಸುತ್ತಿದೆ. ಪಾಪ, ಸೆಕೆಗೆ ಸಾಯುತ್ತಿದೆ, ಸತ್ತರೆ ಊಸರವಳ್ಳಿ ಮುಟ್ಟುವುದಿಲ್ಲ, ದಂಡವಾಗುತ್ತದೆ ಎಂದುಕೊಂಡು ಅದನ್ನೇ ಮೊದಲು ಪೆಟ್ಟಿಗೆಯೊಳಗೆ ಬಿಟ್ಟೆ. ಅದು ತಲೆಯಾಡಿಸುತ್ತಿತ್ತಲ್ಲ, ಊಸರವಳ್ಳಿಗೆ ಅದಕ್ಕಿಂತ ಕರೆ ಬೇಕೆ. ಎರಡು ಕಣ್ಣೂ ಒಂದೇ ಕಡೆ ತಿರುಗಿದವು. ನಾಲಿಗೆ ಹೋಗಿ ಬಂತು. ಎರಡು ಸಲ ಅಗಿಯಿತು. ಆಮೇಲೆ ಬಾಯಿ ಮುಚ್ಚಿಕೊಂಡು ಕೂತದ್ದು, ತೆಗೆಯಲೇ ಇಲ್ಲ.

ಮರುದಿನವೂ ಬಾಯಿ ಬಿಡಲಿಲ್ಲ. ಮೈ ಬಣ್ಣ ಕಪ್ಪಿಗೆ ತಿರುಗಿತು. ತುಟಿಯ ಅಂಚಿನಲ್ಲಿ ಹಳದಿ ಹಕ್ಕಳೆಯಂಥದ್ದು ಕಾಣಿಸಿತು. ನನಗೆ ಅದು ಕೀವಿನಂತೆ ಕಂಡಿತು.

ಆ ಸಂಜೆ ಬೀದಿಯ ಮೂಲೆಯ ಟೀ ಅಂಗಡಿಯಲ್ಲಿ, ಪುಟ್ಟಮಾದಮ್ಮನವರ ಎದುರು ಮನೆಯ ಸಿದ್ದಪ್ಪ, ಅವರೂ ಹುಳು ಸಾಕುವವರೇ, "ಯಾಕ್ ಸಾ, ಮೊಖ ಇಂಗದೆ?" ಎಂದು ಕೇಳಿದರು. ನಾನು ಹೇಳಿದ್ದು ನನಗೆ ಅಕ್ಷರಶಃ ನೆನಪಿದೆ: "ಪುಟ್ಟಮಾದಮ್ಮನವರ ಹುಳುವಿಗೆ ಹಾಲುತೊಂಡೆ ರೋಗ ಇತ್ತೇನೋ ಅಂತ ನನಗೊಂದು ಅನುಮಾನ, ಅಷ್ಟೆ."

ಟೀ ಅಂಗಡಿಯಿಂದ ಹೊರಡುವಾಗ ನನ್ನ ಮಾತಿನಿಂದ 'ಅಷ್ಟೆ' ಉದುರಿತು. ಬೀದಿಯ ನಡುವೆ 'ಅನುಮಾನ' ಉದುರಿತು. ದೀಪ ಹಚ್ಚುವ ಹೊತ್ತಿಗೆ 'ಏನೋ' ಕೂಡ ಉದುರಿ, ಪುಟ್ಟಮಾದಮ್ಮನ ಹುಳುವಿಗೆ ಹಾಲುತೊಂಡೆ ಎಂಬಷ್ಟು ಮಾತ್ರ ಉಳಿಯಿತು. ಅದೂ ಓದಿದ ಮೇಷ್ಟ್ರು ಹೇಳಿದ್ದು.

ಇದರಿಂದ ಏನಾಗುತ್ತದೆ ಎಂದು ನನಗೆ ತಿಳಿದದ್ದು ಮರುದಿನ ಬೆಳಿಗ್ಗೆ. ಹುಳು ನಾಲ್ಕು ಸಲ ಜ್ವರಕ್ಕೆ ಕೂತು, ಅಂದರೆ ತಿನ್ನದೆ ಮಲಗಿ ಪೊರೆ ಬಿಟ್ಟು, ಐದನೇ ಘಟ್ಟದಲ್ಲಿ ಹೊಟ್ಟೆಬಾಕನಂತೆ ತಿಂದು, ಕೊನೆಗೊಂದು ದಿನ ತಿನ್ನುವುದನ್ನು ಬಿಡುತ್ತದೆ. ಅದಕ್ಕೆ ಹುಳು ಹಣ್ಣಾಯಿತು ಎನ್ನುತ್ತಾರೆ. ಹಣ್ಣಾದ ಹುಳುವನ್ನು ಆ ದಿನವೇ ಚಂದ್ರಿಕೆಗೆ ಬಿಡಬೇಕು. ಚಂದ್ರಿಕೆ ಎಂದರೆ ಆಳೆತ್ತರದ ಬಿದಿರಿನ ಚಾಪೆ, ಮೇಲೆ ಸುರುಳಿ ಸುರುಳಿಯಾಗಿ ಬಿದಿರ ಪಟ್ಟಿ. ಆ ಸುರುಳಿಯ ಸಂದಿನಲ್ಲಿ ಹುಳು ಗೂಡು ಕಟ್ಟುತ್ತದೆ. ಬಿಡಲು ಜಾಗವಿಲ್ಲದಿದ್ದರೆ ಸೊಪ್ಪಿನ ಕಸದಲ್ಲೇ ನೂಲು ಉಗುಳಿ ಒಂದಕ್ಕೊಂದು ಸುತ್ತಿಕೊಂಡು ಹಾಳಾಗುತ್ತದೆ. ಒಂದು ಬೆಳೆಗೆ ಬೇಕಾಗುವಷ್ಟು ಚಂದ್ರಿಕೆ ಯಾರ ಮನೆಯಲ್ಲೂ ಇರುವುದಿಲ್ಲ. ಇವರ ಹುಳು ಹಣ್ಣಾದಾಗ ಅವರು ಕೊಡುತ್ತಾರೆ, ಅವರದು ಹಣ್ಣಾದಾಗ ಇವರು. ಬೀದಿ ನಡೆಯುವುದೇ ಹಾಗೆ. ಹಾಲುತೊಂಡೆಯಂಥ ಅಂಟುರೋಗದ ಮನೆಗೆ ಮಾತ್ರ ಯಾರೂ ಕೊಡುವುದಿಲ್ಲ. ಕೊಟ್ಟದ್ದು ರೋಗ ಹೊತ್ತುಕೊಂಡು ಬರುತ್ತದೆ.

ಅವತ್ತು ಪುಟ್ಟಮಾದಮ್ಮನವರ ಹುಳು ಹಣ್ಣಾಗುವ ದಿನ. ನಾನು ಬಾಗಿಲಲ್ಲಿ ಹಲ್ಲುಜ್ಜುತ್ತಾ ನಿಂತಿದ್ದೆ. ಅವರು ಎದುರು ಮನೆಯ ಮುಂದೆ ನಿಂತಿದ್ದರು.

"ಸಿದ್ದಪ್ಪ, ಮದ್ಯಾನಕ್ಕೆ ಚಂದ್ರಿಕೆ ಬೇಕು ಕಣಪ್ಪ."

ಸಿದ್ದಪ್ಪ ತಲೆ ಕೆರೆದುಕೊಂಡರು. "ಅಕ್ಕ, ತಪ್ ತಿಳ್ಕಬ್ಯಾಡ. ನಂದು ಮೂರ್ನೇ ಜ್ವರ ಎದ್ದವೆ. ಈಗ ನಿಂಗ್ ಕೊಟ್ಟು ನಾಳಿಕ್ ನಾನ್ ಆಳಾದ್ರೆ?"

"ನಂಗೇನಾಗದೆ ಅಂತ?"

"ಮೇಷ್ಟ್ರೇ ಏಳವ್ರಲ್ಲಕ್ಕ. ಆಲ್ತೊಂಡೆ ಅಂತ."

ಪುಟ್ಟಮಾದಮ್ಮ ತಿರುಗಿ ನನ್ನನ್ನು ನೋಡಿದರು. ನಾನು ಬಾಯಲ್ಲಿದ್ದ ಬೇವಿನ ಕಡ್ಡಿಯನ್ನು ಇನ್ನಷ್ಟು ಜೋರಾಗಿ ಉಜ್ಜತೊಡಗಿದೆ.

ಅವರು ಜಗಳಕ್ಕೆ ಬರಲಿಲ್ಲ. ಮನೆಯೊಳಗೆ ಹೋಗಿ, ಒಂದು ಚೊಂಬು ಬಿಸಿನೀರು, ಒಂದು ಅಗಲ ಬಟ್ಟಲು, ಒಂದು ಪೊರಕೆ ಕಡ್ಡಿ ಹಿಡಿದುಕೊಂಡು ನೇರವಾಗಿ ನನ್ನ ಕೊಠಡಿಗೆ ಬಂದರು. ಹಿಂದೆ ಸಿದ್ದಪ್ಪ, ಸಿದ್ದಪ್ಪನ ಹಿಂದೆ ಬೀದಿ.

"ತೋರ್ಸಿ ಎಲ್ಲದೆ ನಿಮ್ ಗೋಸುಂಬೆ."

ತೋರಿಸಿದೆ. ಅವರು ಕೈಗೆ ತೆಗೆದುಕೊಂಡರು. ಗೋಸುಂಬೆ ಮುಟ್ಟಿದರೆ ಮೈ ಬಣ್ಣ ತಿರುಗುತ್ತದೆ ಎಂದು ಹಿಂದಿನಿಂದ ಯಾರೋ ಹೆದರಿಸಿದರು. "ತಿರುಗ್ಲಿ ಬುಡು, ಇರೋ ಬಣ್ಣವೇ ಸಾಕಾಗದೆ" ಎಂದು, ಅದನ್ನು ಬಾಗಿಲ ಬೆಳಕಿಗೆ ಹಿಡಿದು, ತುಟಿಯಂಚಿನ ಹಳದಿಯನ್ನು ಹೆಬ್ಬೆರಳಿನಿಂದ ಸವರಿದರು. ಮತ್ತೆ ಸವರಿದರು. ಮುಖದಲ್ಲಿ ಏನೋ ಬದಲಾಯಿತು.

"ಮಂಚದ್ ಕೆಳಗೇನದೆ ಮೇಷ್ಟ್ರೇ?"

ನಾನು ರೊಟ್ಟಿ ತಟ್ಟೆಯನ್ನು ಎಳೆದೆ. ಉಳಿದ ಹುಳುಗಳಲ್ಲಿ ಅರ್ಧ ತಲೆಯಾಡಿಸುತ್ತಿದ್ದವು. ನಾಲ್ಕಾರು ತಟ್ಟೆಯ ಅಂಚಿನಲ್ಲಿ ಗೂಡನ್ನೇ ಸುತ್ತತೊಡಗಿದ್ದವು. ತಂದಿಟ್ಟ ಹುಳುವೂ ಗೂಡು ಕಟ್ಟುತ್ತದೆ ಎಂಬುದೊಂದು ಮಾತ್ರ ನನ್ನ ಚಿಂತೆಗಳಲ್ಲಿ ಇರಲಿಲ್ಲ. ಅವರು ತಟ್ಟೆಯನ್ನು ನೋಡಿದರು, ಮೇಲಿನ ತಗಡನ್ನು ನೋಡಿದರು, ನನ್ನನ್ನು ನೋಡಿದರು.

"ನಾನ್ ಏನ್ ಏಳಿದ್ದೆ?"

"ಮಡಿಕಬ್ಯಾಡಿ ಅಂತ."

"ಎಷ್ಟ್ ಕಿತ ಏಳಿದ್ದೆ?"

"ಎರಡು."

ಪಾಠ ಒಪ್ಪಿಸದ ಹುಡುಗನನ್ನು ನಾನೂ ಹೀಗೆಯೇ ನಿಲ್ಲಿಸಿದ್ದೇನೆ. ಹಿಂದೆ ನನ್ನದೇ ತರಗತಿಯ ಇಬ್ಬರು ವಿದ್ಯಾರ್ಥಿಗಳ ತಂದೆಯರು ನಿಂತು ನೋಡುತ್ತಿದ್ದರು.

ಆಮೇಲೆ ನಡೆದದ್ದನ್ನು ನೆನೆದರೆ ನನಗೆ ಈಗಲೂ ಎದೆ ಉಬ್ಬುತ್ತದೆ, ನಾನು ಅಲ್ಲಿ ಅಪರಾಧಿಯಾಗಿ ನಿಂತಿದ್ದರೂ. ಪುಟ್ಟಮಾದಮ್ಮ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತರು. ಬಟ್ಟಲಿಗೆ ಬಿಸಿನೀರು ಹಾಕಿ, ತಣ್ಣೀರು ಬೆರೆಸಿ, ಮಗುವಿಗೆ ಎರೆಯುವಾಗ ನೋಡುವಂತೆ ಮೊಣಕೈ ಅದ್ದಿ ಹದ ನೋಡಿದರು. ಊಸರವಳ್ಳಿಯ ಮೈಯನ್ನು ಸೆರಗಿನಲ್ಲಿ ಸುತ್ತಿ ತೊಡೆಯ ಮೇಲೆ ಮಲಗಿಸಿಕೊಂಡು, ಬೆರಳಿನಿಂದ ಒಂದೊಂದೇ ಹನಿ ನೀರನ್ನು ತುಟಿಯಂಚಿಗೆ ಬಿಟ್ಟರು. ಅವಸರವಿಲ್ಲ. ಹುಳುಮನೆಯಲ್ಲಿ ಅವರ ಇಡೀ ಬೆಳೆ ಹಣ್ಣಾಗುತ್ತಿತ್ತು, ಒಂದೊಂದು ಗಳಿಗೆಗೂ ಹುಳು ಕೈಬಿಟ್ಟು ಹೋಗುತ್ತಿತ್ತು. ಸಾಕಮ್ಮ ಎರಡು ಸಲ ಬಂದು ಬಾಗಿಲಲ್ಲಿ ನಿಂತಳು. ಅತ್ತೆ ತಲೆಯೆತ್ತಲಿಲ್ಲ.

ಹಕ್ಕಳೆ ಮೆತ್ತಗಾಯಿತು. ಪೊರಕೆ ಕಡ್ಡಿಯ ತುದಿಯಿಂದ ಎರಡು ಸಲ ಸವರಿದರು, ಥೇಟು ತೊಟ್ಟಿಯಲ್ಲಿ ಗೂಡು ಸವರುವಂತೆ. ಕಡ್ಡಿಗೆ ಏನೋ ಅಂಟಿತು. ಅದನ್ನು ಬೆರಳಿನ ತುದಿಗೆ ತೆಗೆದುಕೊಂಡು, ಉಸಿರು ಬಿಗಿಹಿಡಿದು, ಎಳೆದರು.

ನೂಲು ಬಂತು.

ಹಸಿರು ಬೆರೆತ ಹಳದಿ ಬಣ್ಣದ, ನಮ್ಮ ನಾಟಿ ಹುಳುವಿನ ನೂಲು. ಊಸರವಳ್ಳಿಯ ದವಡೆಗೆ ಸುತ್ತಿಕೊಂಡು, ನಾಲಿಗೆಗೆ ಅಂಟಿಕೊಂಡು, ಒಳಗೇ ಗೂಡು ಕಟ್ಟಲು ಹೊರಟಂತಿದ್ದ ನೂಲು. ಅಗಿದಾಗ ಹುಳುವಿನ ಒಡಲು ಒಡೆದು, ಒಳಗಿನ ರೇಷ್ಮೆ ರಸವೆಲ್ಲ ಬಾಯಿಗೆ ಸುರಿದು ಬಿಗಿದುಕೊಂಡಿತ್ತು. ಪುಟ್ಟಮಾದಮ್ಮ ಒಂದು ಕೈಯಲ್ಲಿ ನೀರು ಬಿಡುತ್ತಾ, ಇನ್ನೊಂದರಲ್ಲಿ ಎಳೆಯನ್ನು ಕಡ್ಡಿಗೆ ಸುತ್ತುತ್ತಾ ಹೋದರು. ಕಡ್ಡಿ ದಪ್ಪವಾಯಿತು. ನಾಲ್ವರು ಇಣುಕಿ ಬೆಳಕಿಗೆ ಅಡ್ಡ ಬಂದಾಗ, "ಸರೀರಿ ವಸಿ, ನೀವೇನ್ ಸೂಲಗಿತ್ತೀರಾ" ಎಂದರು. ಕೊನೆಗೆ ಬಾಯಿ ತಾನಾಗಿ ತೆರೆಯಿತು. ಒಳಗಿದ್ದ ಹುಳುವಿನ ತುಂಡನ್ನು ಕಿರುಬೆರಳಿನಿಂದ ತೆಗೆದು ನೆಲಕ್ಕೆ ಹಾಕಿದರು. ಊಸರವಳ್ಳಿ ಗುಲಾಬಿ ಬಣ್ಣದ ಬಾಯನ್ನು ಅಗಲಿಸಿ ಅವರ ಮುಖಕ್ಕೇ ಬುಸ್ಸೆಂದಿತು.

"ಬದಕ್ತು" ಎಂದರು ಪುಟ್ಟಮಾದಮ್ಮ. "ಬಯ್ಯಕ್ಕೆ ಸುರು ಮಾಡದೆ."

ನಂತರ ಕಡ್ಡಿಯನ್ನು ಎತ್ತಿ ಸಿದ್ದಪ್ಪನ ಮೂಗಿನ ಮುಂದೆ ಹಿಡಿದರು.

"ನೋಡ್ಲಾ ಸಿದ್ದಪ್ಪ. ಆಲ್ತೊಂಡೆ ಬಂದ ಉಳ ಒಡೆದ್ರೆ ಏನ್ ಬತ್ತದೆ?"

"ಬೆಳ್ನೆ ನೀರು ಬತ್ತದೆ ಅಕ್ಕ."

"ಇದೇನಿದು?"

"ನೂಲು."

"ರೋಗದ್ ಉಳ ಇಂಥಾ ನೂಲ್ ಕೊಟ್ಟದ್ದ ನೀನ್ ಎಲ್ಲಾರ ಕಂಡಿದ್ದೀಯಾ? ಇದು ಅಣ್ಣಾದ ಉಳ ಕಣ್ಲಾ. ನನ್ ತಟ್ಟೇಲಿ ಇವತ್ ಅಣ್ಣಾಗದೆ, ಇವ್ರ ತಗಡಿನ ಸೆಕೆಗೆ ಮುಂಚೇನೇ ಆಗದೆ. ಗೋಸುಂಬೆ ಬಾಯಲ್ಲೂ ನೂಲ್ ಬುಟ್ಟಿರೋ ಉಳ ನಂದು."

ಸಿದ್ದಪ್ಪ ಕಡ್ಡಿಯನ್ನು ಬೆಳಕಿಗೆ ತಿರುಗಿಸಿ ನೋಡಿದರು. ನಾನು ಮುಂದೆ ಹೋಗಿ, ತಗ್ಗಿದ ದನಿಯಲ್ಲಿ, ತಪ್ಪಾಯ್ತಮ್ಮ ಎಂದೆ. ಅವರು ಸೆರಗು ಕೊಡವಿ ಎದ್ದು ನಿಂತರು.

"ನಂಗ್ಯಾಕ್ ಏಳೀರಿ? ನಂಗ್ ಗೊತ್ತಿಲ್ವಾ ನನ್ ಉಳ. ಆ ಮಾತ ಎಲ್ಲಿ ಆಡುದ್ರೋ, ಅಲ್ಲೇ ಓಗಿ ನಿಂತ್ಕಂಡು ಇದ್ನೂ ಆಡಿ."

ಬೀದಿಯ ಮೂಲೆಯವರೆಗೆ ಅಷ್ಟು ದೂರ ಇದೆಯೆಂದು ನನಗೆ ಅವತ್ತೇ ಗೊತ್ತಾದದ್ದು. ಟೀ ಅಂಗಡಿಯ ಬೆಂಚಿನ ಮೇಲೆ ಹತ್ತಿ ನಿಲ್ಲಬೇಕೇ, ಕೆಳಗೇ ನಿಲ್ಲಬೇಕೇ, ಮೇಲೆ ನಿಂತರೆ ಭಾಷಣವಾಗುತ್ತದೆಯೇ, ಬೆಂಚು ಮುರಿದರೆ ಎಂದೆಲ್ಲ ಯೋಚಿಸಿ ಕೆಳಗೇ ನಿಂತೆ. ತರಗತಿಯ ಕೊನೆಯ ಬೆಂಚಿಗೆ ಕೇಳುವ ದನಿಯಲ್ಲಿ ಹೇಳಿದೆ: "ಪುಟ್ಟಮಾದಮ್ಮನವರ ಹುಳುವಿ‌ಗೆ ಯಾವ ರೋಗವೂ ಇರಲಿಲ್ಲ. ಅವರು ಕೂಡದು ಅಂದದ್ದನ್ನು ನಾನು ಕದ್ದು ಮಾಡಿದೆ. ಹಣ್ಣಾದ ಹುಳುವನ್ನು ಗುರುತಿಸಲಾರದೆ ಊಸರವಳ್ಳಿಗೆ ತಿನ್ನಿಸಿದೆ. ನಿನ್ನೆ ಇಲ್ಲಿ ಆಡಿದ್ದು ತಪ್ಪು ಮಾತು." ಈ ಸಲ 'ಏನೋ' ಎಂದೂ ಅನ್ನಲಿಲ್ಲ, 'ಅನುಮಾನ' ಎಂದೂ ಅನ್ನಲಿಲ್ಲ. ಉದುರುವುದಕ್ಕೆ ಏನೂ ಇಡಲಿಲ್ಲ.

ತಿರುಗಿ ನೋಡಿದರೆ ಸಿದ್ದಪ್ಪ ತಲೆಯ ಮೇಲೆ ಎರಡು ಚಂದ್ರಿಕೆ ಹೊತ್ತು ಬೀದಿ ದಾಟುತ್ತಿದ್ದರು. ಅವರ ಹಿಂದೆ ಇನ್ನೊಬ್ಬರು, ಅವರ ಹಿಂದೆ ಮತ್ತಿಬ್ಬರು. ನಾನೂ ಹೋಗಿ ಒಂದು ಹೊತ್ತುಕೊಂಡೆ. ನನ್ನ ಎತ್ತರಕ್ಕೆ ಅದು ಮುಂದೆ ಕಾಣದಂತೆ ಮಾಡಿತು, ಮೂರು ಬಾಗಿಲಿಗೆ ಡಿಕ್ಕಿ ಹೊಡೆದೆ. ಶಾಲೆಗೆ ರಜೆ ಚೀಟಿ ಕಳಿಸಿ, ಮಧ್ಯಾಹ್ನ ಕಳೆಯುವವರೆಗೂ ಹುಳುಮನೆಯಲ್ಲಿ ಕೂತು, ದೀಪ ಇಟ್ಟಂತೆ ಮೈ ಹೊಳೆಯುವ ಹುಳುಗಳನ್ನು ಮಾತ್ರ ಆರಿಸಿ ಸಾಕಮ್ಮನ ಕೈಗೆ ಕೊಡುವುದನ್ನು ಕಲಿತೆ. ಪುಟ್ಟಮಾದಮ್ಮ ಹಿಂದಿನಿಂದ ಬಂದು ನಾನು ಆರಿಸಿದ್ದರಲ್ಲಿ ಮೂರನ್ನು ಮಾತ್ರ ತೆಗೆದು ತಟ್ಟೆಗೆ ವಾಪಸು ಹಾಕಿದರು. ಇಷ್ಟು ವರ್ಷ ಪಾಠ ಹೇಳಿದ್ದೇನೆ, ಅದಕ್ಕಿಂತ ದೊಡ್ಡ ಪಾಸು ನನಗೆ ಸಿಕ್ಕಿಲ್ಲ.

ನೂಲು ಸುತ್ತಿದ್ದ ಆ ಕಡ್ಡಿಯನ್ನು ತರಗತಿಯಲ್ಲಿ ತೋರಿಸಲು ಕೊಡಿ ಎಂದು ಬೇಡಿದೆ. "ಥೂ, ಗೋಸುಂಬೆ ಎಂಜ್ಲು" ಎಂದು ಒಲೆಗೆ ಹಾಕಿಬಿಟ್ಟರು. ಊಸರವಳ್ಳಿ ಮೂರು ದಿನ ಸುಮ್ಮನಿದ್ದು, ನಾಲ್ಕನೇ ದಿನ, ಎಲ್ಲೆಲ್ಲೋ ಅಲೆದು ನಾನು ಹಿಡಿದು ತಂದ ಒಂದು ಮಿಡತೆಯನ್ನು ಹೊಡೆಯಿತು. ಮೊದಲ ಮಳೆ ಬಿದ್ದ ವಾರ ಅದನ್ನು ಕಾಮಗೆರೆಯ ಬೇಲಿಗೇ ಬಿಟ್ಟು ಬಂದೆ. ಸಾಕುವ ಯೋಗ್ಯತೆ ಬೇರೆ, ಪ್ರೀತಿ ಬೇರೆ ಎಂಬುದು ಅಷ್ಟರಲ್ಲಿ ತಿಳಿದಿತ್ತು.

ಆಮೇಲೆ ನನಗೆ ಹನೂರಿಗೆ ವರ್ಗವಾಯಿತು. ಕೊಳ್ಳೇಗಾಲಕ್ಕೆ ಹೋದಾಗೆಲ್ಲ ಅವರ ಜಗಲಿಗೆ ಹೋಗಿ ಕೂತು ಬರುತ್ತಿದ್ದೆ. ಬರಬರುತ್ತಾ ಅದು ಕಡಿಮೆಯಾಯಿತು. ಎಪ್ಪತ್ತರ ದಶಕದ ನಡುವೆ ಒಂದು ದಿನ, ಹನೂರಿನಿಂದ ಬರುವ ಬಸ್ಸಿಗೆ ಕಾಮಗೆರೆಯಲ್ಲಿ ಪುಟ್ಟಮಾದಮ್ಮ ಹತ್ತಿದರು. ಅಲ್ಲಿನ ಆಸ್ಪತ್ರೆಗೆ ತೋರಿಸಿಕೊಂಡು ಊರಿಗೆ ಹೊರಟಿದ್ದರು. ಸಣ್ಣಗಾಗಿದ್ದರು, ಮೆಟ್ಟಿಲು ಹತ್ತಲು ಸಾಕಮ್ಮ ಕೈ ಕೊಡಬೇಕಾಯಿತು. ನನ್ನನ್ನು ಕಂಡದ್ದೇ ಪಕ್ಕದವರನ್ನು ಎಬ್ಬಿಸಿ ಜಾಗ ಮಾಡಿಕೊಂಡು ಕೂತರು. ಅದೇ ನಮ್ಮ ಕೊನೆಯ ಭೇಟಿ ಎಂದು ಗೊತ್ತಿರಲಿಲ್ಲ. ಎರಡು ತಿಂಗಳ ಮೇಲೆ ಅವರು ಹೋದರಂತೆ, ಸುದ್ದಿ ನನಗೆ ತಲುಪುವಾಗ ತಿಥಿಯೂ ಮುಗಿದಿತ್ತು.

ಬಸ್ಸಿನಲ್ಲಿ ಮಾತ್ರ ಅವರ ದನಿ ಸಣ್ಣಗಾಗಿರಲಿಲ್ಲ.

"ಇವ್ರೇ ಕಣ್ರವ್ವ ಆ ಮೇಷ್ಟ್ರು" ಎಂದು ಮುಂದಿನ ಸೀಟಿನ ಹೆಂಗಸರಿಗೆ ಪರಿಚಯಿಸಿದರು. ಇಡೀ ಕಥೆ ಹೇಳಿದರು. ಅವರ ಕಥೆಯಲ್ಲಿ ಊಸರವಳ್ಳಿ ಉಡದಷ್ಟು ಬೆಳೆದಿತ್ತು. ಎಳೆದ ನೂಲು ಕೊಳ್ಳೇಗಾಲದಿಂದ ಸತ್ತೇಗಾಲಕ್ಕೆ ಮುಟ್ಟುತ್ತಿತ್ತು. ನಾನು ಟೀ ಅಂಗಡಿಯಲ್ಲಿ ಅತ್ತೇಬಿಟ್ಟಿದ್ದೆ. ಕಂಡಕ್ಟರು ಟಿಕೀಟು ಹರಿಯುವುದನ್ನು ಬಿಟ್ಟು ಕೇಳಿದ. "ಸಾ, ನಿಜವಾ?" ಎಂದು ನನ್ನನ್ನು ಕೇಳಿದಾಗ, "ಅಕ್ಷರಶಃ" ಎಂದೆ. ಹೆಮ್ಮೆಯಿಂದಲೇ ಎಂದೆ. ಅಂಥವರ ಕಥೆಯಲ್ಲಿ ಪೆದ್ದನಾಗಿ ಇರುವುದೂ ಒಂದು ಪದವಿ.

ಊರು ಹತ್ತಿರ ಬಂತು. ಜನ ಗಂಟುಮೂಟೆ ಎತ್ತಿಕೊಳ್ಳತೊಡಗಿದರು. ಆಗ ಪುಟ್ಟಮಾದಮ್ಮ ನನ್ನ ಕಡೆಗೆ ಬಾಗಿ, ಅಷ್ಟು ಹೊತ್ತು ಬಸ್ಸಿಗೆಲ್ಲ ಕೇಳಿಸಿದ ದನಿಯನ್ನು ಇಳಿಸಿದರು.

"ಮೇಷ್ಟ್ರೇ, ಒಂದ್ ಮಾತು. ಅವತ್ತು ನಡೂಕೆ ಒಂದ್ ಕಿತ ಎಳೆ ಕಡೀತು."

"ಯಾವಾಗಮ್ಮ? ನಾನು ಪಕ್ಕದಲ್ಲೇ ನಿಂತಿದ್ದೆ."

"ಕೆಳ್ಗಡೆ ದವಡೆ ತಾವು. ನೀವೂ ನೋಡ್ನಿಲ್ಲ, ಸಿದ್ದಪ್ಪ ಬಗ್ಗಿದ್ನಲ್ಲ, ಅವ್ನೂ ನೋಡ್ನಿಲ್ಲ. ಅಂಗೇ ಬೆರಳಲ್ಲಿ ತುದಿ ಉಡುಕ್ಬುಟ್ಟು ಇಡ್ಕಂಡೆ."

"ಅದಕ್ಕೇನಮ್ಮ. ಅದು ಬದುಕಿತು, ನಿಮ್ಮ ಬೆಳೆಯೂ ಉಳೀತು."

"ಉಳೀತು" ಎಂದರು. ಸ್ವಲ್ಪ ಹೊತ್ತು ತಮ್ಮ ಬೆರಳುಗಳನ್ನು ನೋಡಿಕೊಂಡರು. "ಆದ್ರೂ, ಕಡೀಬಾರ್ದಾಗಿತ್ತು."